ಮಳೆ ಅಳೆಯುವವನು ಡಿಗ್ರಿಗೆ ಏನು ಓದಬೇಕು? (ಆಟಿಸಂ ಇದೆ, ಸೆಕೆಂಡ್ ಪಿಯು ಮುಗಿದಿದೆ)

ಮಳೆಲೆಕ್ಕ

ನಮಸ್ಕಾರ. ನನಗೆ 18 ವರ್ಷ, ಊರು ಕೊಪ್ಪದ ಹತ್ತಿರ. ಪಿಸಿಎಂಬಿ, 84 ಪರ್ಸೆಂಟ್. ಆಟಿಸಂ ಇದೆ ಅಂತ ಗೊತ್ತಾಗಿದ್ದು ಹದಿನೈದನೇ ವಯಸ್ಸಿನಲ್ಲಿ. ಕಾಗದಪತ್ರದಲ್ಲಿ ಸ್ವಲೀನತೆ ಅಂತ ಬರೆಯುತ್ತಾರೆ. ಆ ಪದ ನನಗೆ ಹೊಂದುವುದಿಲ್ಲ. ನಾನು ನನ್ನಲ್ಲಿ ಲೀನ ಆಗಿಲ್ಲ, ಮಳೆಯಲ್ಲಿ ಆಗಿದ್ದೇನೆ.

ಮಳೆ ಅಂದರೆ ಜಗಲಿಯಲ್ಲಿ ಕೂತು ನೋಡುವುದಲ್ಲ, ಅಳೆಯುವುದು. 2019ರ ಜೂನ್ 1ರಿಂದ ಒಂದು ದಿನವೂ ಬಿಟ್ಟಿಲ್ಲ. ಬೆಳಿಗ್ಗೆ 8.30ಕ್ಕೇ ಅಳೆಯಬೇಕು, ಯಾಕೆಂದರೆ ಹವಾಮಾನ ಇಲಾಖೆಯ ಮಳೆದಿನ 8.30ರಿಂದ 8.30. ಶಾಲೆ ಇದ್ದ ದಿನ ಅಜ್ಜಿ ಅಳೆಯುತ್ತಿದ್ದರು. ಅಜ್ಜಿ ಅಳೆದದ್ದು ನೀಲಿ ಶಾಯಿ, ನಾನು ಅಳೆದದ್ದು ಕಪ್ಪು, 100 ಮಿಮೀ ದಾಟಿದರೆ ಯಾರೇ ಅಳೆದಿರಲಿ ಕೆಂಪು. ಪಕ್ಕದ ಎಸ್ಟೇಟಿನವರು ಇಂಚು, ಸೆಂಟಲ್ಲಿ (ಇಂಚಿನ ನೂರರಲ್ಲಿ ಒಂದು ಭಾಗ) ಹೇಳುತ್ತಾರೆ. ಅದನ್ನೂ ಮಿಮೀಗೆ ಬದಲಾಯಿಸಿ ಇನ್ನೊಂದು ಕಾಲಂನಲ್ಲಿ ಬರೆದಿದ್ದೇನೆ. 2019ರ ಆಗಸ್ಟ್ ಮೊದಲ ವಾರ ಪೂರ್ತಿ ಕೆಂಪು. 2023ರ ಜೂನ್ ಪುಟ ನೋಡಿದರೆ ಬೇಜಾರಾಗುತ್ತದೆ.

ಈಗ ಪ್ರಶ್ನೆ. ಅಪ್ಪ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಅನ್ನುತ್ತಾರೆ. ಚಿಕ್ಕಪ್ಪ ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದರಂತೆ, ಇವನಿಗೆ ಜನ ಆಗಿಬರುವುದಿಲ್ಲ, ಕಂಪ್ಯೂಟರ್ ಮುಂದೆ ಕೂರಿಸಿದರೆ ಆಯ್ತು ಅಂತ. ಬಯಾಲಜಿ ಮೇಡಂ ಬಿಎಸ್ಸಿ ಅಗ್ರಿ ಅನ್ನುತ್ತಾರೆ, ನಮಗೆ ಎರಡು ಎಕರೆ ಅಡಿಕೆ ತೋಟ ಇರುವುದರಿಂದ. ನನಗೆ ಜಿಯಾಲಜಿ ಅನ್ನಿಸಿತ್ತು, ಯಾಕೆಂದರೆ ಅದರಲ್ಲಿ ನಕ್ಷೆ ಇದೆ.

ಪಿಯುನಲ್ಲಿ ಪಾಠ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು 80 ಜನರ ತರಗತಿಯಲ್ಲಿ ಬೆಂಚು ಎಳೆಯುವ ಸದ್ದು, ಕೆಮಿಸ್ಟ್ರಿ ಲ್ಯಾಬಿನ ಕೊಳೆತ ಮೊಟ್ಟೆ ವಾಸನೆ, ಮತ್ತೆ "ನಾಲ್ಕು ಜನ ಸೇರಿಕೊಂಡು ಮಾಡಿ" ಅನ್ನುವ ವಾಕ್ಯ. ನಾಲ್ಕು ಜನ ಹೇಗೆ ಸೇರಿಕೊಳ್ಳುತ್ತಾರೆ ಅಂತ ಎರಡು ವರ್ಷ ನೋಡಿದೆ, ಗೊತ್ತಾಗಲಿಲ್ಲ. ಪ್ರತಿ ಸಲ ನಾನು ಉಳಿದುಬಿಡುತ್ತಿದ್ದೆ.

ಇನ್ನೊಂದು ಹೆದರಿಕೆಯೂ ಇದೆ. ಮಳೆಗೆ ಹತ್ತಿರದ್ದನ್ನೇ ಓದಿ, ಪರೀಕ್ಷೆಯಲ್ಲಿ ಕಡಿಮೆ ಬಂದು, ಆಮೇಲೆ 8.30ಕ್ಕೆ ಅಂಗಳಕ್ಕೆ ಹೋಗಲು ಮನಸ್ಸಾಗದಿದ್ದರೆ ಏನು ಮಾಡುವುದು? ಉದ್ದ ಆಯಿತು. ಅಮ್ಮ ಹೇಳಿದರು ಕೊನೆಯಲ್ಲಿ ಧನ್ಯವಾದ ಹೇಳಬೇಕು ಅಂತ. ಧನ್ಯವಾದ.

ಕೋಡ್ ಗುರು

ಬ್ರೋ ಯೋಚನೆನೇ ಮಾಡ್ಬೇಡ, ಸಿಎಸ್ ತಗೋ. ನಿಮ್ಮಂಥವರಿಗೆ ಕೋಡಿಂಗ್ ಹುಟ್ಟಿನಿಂದ್ಲೇ ಬರುತ್ತೆ. ಕಂಪನಿಗಳು ಈಗ ನಿಮ್ಮಂಥವರನ್ನೇ ಹುಡುಕ್ತಿವೆ.

ಮಳೆಲೆಕ್ಕ

ಮೂರು ವಾಕ್ಯದಲ್ಲಿ ಎರಡು ಸಲ "ನಿಮ್ಮಂಥವರು" ಅಂದಿದ್ದೀರಿ. ನನ್ನಂಥವರು ಇನ್ನೊಬ್ಬರೂ ನನಗೆ ಪರಿಚಯ ಇಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ. ಕೋಡಿಂಗ್ ಹುಟ್ಟಿನಿಂದ ಬಂದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎಕ್ಸೆಲ್ ಕಲಿತೆ, ಅಷ್ಟೇ.

ಹಳದಿ ಬೋರ್ಡು

ಪರಿಚಯ ಮಾಡ್ಕೊಳ್ಳೋಣ ಕಣಪ್ಪ, ನಾನೂ ಆ ಪೈಕಿಯೇ. ನನಗೆ 31. ನೀನು ಅಂತೀನಿ, ಬೇಜಾರಾದ್ರೆ ಹೇಳು.

ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಎರಡು ವರ್ಷ ಓದಿ ಬಿಟ್ಟವಳು ನಾನು. ವಿಷಯ ನೀರು ಕುಡಿದ ಹಾಗಿತ್ತು, ಬಿಟ್ಟಿದ್ದು ಬೇರೆಯದಕ್ಕೆ. ಮೂರನೇ ಸೆಮ್ ಲ್ಯಾಬ್ ಪರೀಕ್ಷೆ, ಎಕ್ಸ್‌ಟರ್ನಲ್ ಬಂದು "ಏನಮ್ಮಾ, ಸರ್ಕ್ಯೂಟ್ ಎಲ್ಲಿದೆ?" ಅಂದ್ರು. "ಹಳದಿ ಬೋರ್ಡಿನ ಮೇಲಿದೆ ಸರ್" ಅಂದೆ. ಇತ್ತು ಕೂಡ! ಅವರು ಕೇಳಿದ್ದು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿದ ಚಿತ್ರ ಎಲ್ಲಿ ಅಂತ. ಗೇಲಿ ಮಾಡ್ತಿದ್ದೀನಿ ಅಂದ್ಕೊಂಡು ವೈವಾಗೆ ಹತ್ತಕ್ಕೆ ಎರಡು ಕೊಟ್ರು. ಆಗ ನನಗೇ ಗೊತ್ತಿರಲಿಲ್ಲ ನನಗೆ ಆಟಿಸಂ ಅಂತ. 27ರಲ್ಲಿ ಗೊತ್ತಾಯ್ತು. ಗೊತ್ತಾದ ದಿನ ಮೊದಲು ನೆನಪಾಗಿದ್ದು ಆ ಬೋರ್ಡು.

ಆಮೇಲೆ ಬಿಎಸ್ಸಿಗೆ ಹೋದೆ, ಸ್ಟ್ಯಾಟಿಸ್ಟಿಕ್ಸ್ ಇದ್ದ ಕಾಂಬಿನೇಷನ್. ಈಗ ಡೇಟಾ ತಪ್ಪು ಹುಡುಕೋ ಕೆಲಸ ಮಾಡ್ತೀನಿ.

ನಿನ್ನ ಚಿಕ್ಕಪ್ಪಂಗೆ ಹೇಳು, ಕಂಪ್ಯೂಟರ್ ಮುಂದೆ ಕೂತ್ರೆ ಜನ ಇರಲ್ಲ ಅನ್ನೋದು ಸುಳ್ಳು. ದಿನಾ ಬೆಳಿಗ್ಗೆ ಮೀಟಿಂಗು, ಮಧ್ಯಾಹ್ನ ಫೋನ್ ಕಾಲು, ಗೋಡೆಯೇ ಇಲ್ಲದ ಹಾಲ್‌ನಲ್ಲಿ ಅರವತ್ತು ಜನ. ಕೋರ್ಸಿನ ಹೆಸರಲ್ಲಿ ಇದ್ಯಾವುದೂ ಕಾಣಲ್ಲ. ನಿನ್ನ ಮೇಡಂ ಹೇಳಿದ ಬಿಎಸ್ಸಿ ಅಗ್ರಿಯಲ್ಲೂ ಅಷ್ಟೇ, ಕೊನೇ ವರ್ಷ ಹಳ್ಳಿಯಲ್ಲಿ ಉಳ್ಕೊಂಡು ರೈತರ ಮನೆಮನೆಗೆ ಹೋಗಿ ಮಾತಾಡಿಸಿ ವರದಿ ಬರೀಬೇಕು, ಗುಂಪು ಗುಂಪಾಗಿ. ಬೇಡ ಅಂತಲ್ಲ. ನೀನು ಮಳೆ ವಿಷಯ ಆದ್ರೆ ರೈತರ ಹತ್ರ ಗಂಟೆಗಟ್ಟಲೆ ಮಾತಾಡಬಹುದೇನೋ, ಯಾರು ಕಂಡವರು. ಆದರೆ ಮೊದಲೇ ಗೊತ್ತಿರಲಿ.

ಆಟಿಸಂ ಅಂದ ತಕ್ಷಣ ಎಲ್ಲರೂ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಹೆಸರು ಹೇಳ್ತಾರೆ, ಅವರಿಗೂ ಆಟಿಸಂ ಇದೆ, ದನಗಳ ಮೇಲಿನ ಪ್ರೀತಿಯನ್ನೇ ಓದಿ ಪ್ರೊಫೆಸರ್ ಆದರು ಅಂತ. ನಿಜ. ಆದರೆ 1970ರಲ್ಲಿ ಅವರು ತಗೊಂಡ ಮೊದಲ ಡಿಗ್ರಿ ಸೈಕಾಲಜಿಯದು. ಪ್ರಾಣಿ ವಿಜ್ಞಾನದ ಮಾಸ್ಟರ್ಸ್ ಆಗಿದ್ದು 1975ರಲ್ಲಿ. ಇದನ್ನ ಯಾರೂ ಹೇಳಲ್ಲ, ನಾನು ಎಂಜಿನಿಯರಿಂಗ್ ಬಿಟ್ಟಾಗ ಯಾರಾದ್ರೂ ಹೇಳಿದ್ರೆ ಒಂದು ವರ್ಷ ಅಳೋದು ತಪ್ತಿತ್ತು.

ಒಂದು ಕೆಲಸ ಮಾಡು. ಸಿಲಬಸ್ ಬದಿಗಿಡು, ಟೈಂಟೇಬಲ್ ಕೇಳು. ಮಂಗಳವಾರ ಎಷ್ಟು ಗಂಟೆ ಲ್ಯಾಬು, ಬ್ಯಾಚಲ್ಲಿ ಎಷ್ಟು ಜನ, ಮಧ್ಯೆ ಖಾಲಿ ಪೀರಿಯಡ್ ಇದ್ರೆ ಎಲ್ಲಿ ಕೂರಬಹುದು. ನಂಗೆ ಡಿಗ್ರಿ ಮುಗಿಸಿಕೊಟ್ಟಿದ್ದು ಲೈಬ್ರರಿಯ ಹಿಂದಿನ ಹಳೇ ಪತ್ರಿಕೆಗಳ ರೂಮು, ಸುಳ್ಳಲ್ಲ.

ನಿವೃತ್ತ ಮೇಷ್ಟ್ರು

ಮಳೆಲೆಕ್ಕ, ಮೂವತ್ತೊಂದು ವರ್ಷ ಜಿಯಾಲಜಿ ಪಾಠ ಮಾಡಿದವನು ನಾನು. ನನ್ನ ವಿಷಯಕ್ಕೆ ಒಬ್ಬ ಹುಡುಗ ಬರುತ್ತಾನೆ ಅಂದರೆ ಸಂತೋಷವೇ, ಆದರೂ ಇದ್ದದ್ದು ಹೇಳುತ್ತೇನೆ. ಜಿಯಾಲಜಿಯಲ್ಲಿ ಮಳೆ ಇಲ್ಲ. ಬಿದ್ದ ಮೇಲೆ ನೆಲದೊಳಗೆ ಎಲ್ಲಿ ಹೋಯಿತು ಅನ್ನುವುದಿದೆ, ಅದೂ ಒಂದು ಭಾಗ ಮಾತ್ರ. ಉಳಿದದ್ದು ಕಲ್ಲು. ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ಅಂದರೆ ನಿನಗೆ ಮೈ ಜುಮ್ ಅನ್ನಿಸುತ್ತದೆಯೇ? ಅನ್ನಿಸಿದರೆ ಬಾ. "ಹೌದಾ" ಅಂತ ಮಾತ್ರ ಅನ್ನಿಸಿದರೆ ಬೇಡ.

ಫೀಲ್ಡ್ ಕೆಲಸದ್ದೂ ಹೇಳಿಬಿಡುತ್ತೇನೆ. ಚಿತ್ರದುರ್ಗದ ಮರಡಿಹಳ್ಳಿಗೆ ದಿಂಬುಲಾವಾ (ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ ಬಂಡೆ) ನೋಡಲು ಕರೆದುಕೊಂಡು ಹೋಗುತ್ತಿದ್ದೆವು. ಬಂಡೆಯ ಮುಂದೆ ಒಬ್ಬೊಬ್ಬರೇ ನಿಂತು ಬರೆಯುವ ಹೊತ್ತು ಚೆನ್ನ. ರಾತ್ರಿ ಮಾತ್ರ ಛತ್ರದ ಒಂದೇ ಹಾಲಿನಲ್ಲಿ ಇಪ್ಪತ್ತೈದು ಹುಡುಗರು, ಅಂತ್ಯಾಕ್ಷರಿ. ನನ್ನ ಕೈಯಲ್ಲಿ ಒಬ್ಬ ಓದಿದ, ಈಗ ನೆನೆದರೆ ಅವನೂ ನಿನ್ನ ಹಾಗೆಯೇ ಇದ್ದನೇನೋ ಅನ್ನಿಸುತ್ತದೆ. ಸಂಜೆಯಾದರೆ ಬಸ್ಸಿನೊಳಗೆ ಹೋಗಿ ಕೂರುತ್ತಿದ್ದ. ಸೊಕ್ಕು ಅಂದುಕೊಂಡು ಬೈದಿದ್ದೇನೆ. ಅವನ ನಕ್ಷೆ ಮಾತ್ರ ಎಲ್ಲರದಕ್ಕಿಂತ ಸ್ವಚ್ಛ. ಡ್ರೈವರಿಗೆ ಹೇಳಿ ಬಸ್ಸಿನ ಲೈಟ್ ಹಾಕಿಸಿಕೊಡಬಹುದಿತ್ತು. ಆಗ ಹೊಳೆಯಲಿಲ್ಲ.

ನಿನ್ನ ಮಳೆಗೆ ಬೇಕಾದದ್ದು ಫಿಸಿಕ್ಸ್, ಮ್ಯಾಥ್ಸ್, ಜೊತೆಗೆ ಸ್ಟ್ಯಾಟಿಸ್ಟಿಕ್ಸ್. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ, ಮೂರು ವಿಷಯದ ಡಿಗ್ರಿ ಬಂದಿದೆ. ಹಾಗಾಗಿ ಈಗಲೇ ಒಂದಕ್ಕೆ ತಾಳಿ ಕಟ್ಟಬೇಕಾಗಿಲ್ಲ. ಫಿಸಿಕ್ಸ್, ಮ್ಯಾಥ್ಸ್ ಇಟ್ಟುಕೊಂಡರೆ ಮುಂದೆ ಕೊಚ್ಚಿಯ ವಿಶ್ವವಿದ್ಯಾಲಯದಲ್ಲೋ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲೋ ಹವಾಮಾನ ವಿಜ್ಞಾನದ ಎಂಎಸ್ಸಿ ಇದೆ. ವೀಕ್ಷಣಾಲಯದ ಕೆಲಸವೂ ಇದೆ, ಮೂರು ಗಂಟೆಗೊಮ್ಮೆ ಓದಿ ಬರೆಯುವುದು, ರಾತ್ರಿ ಪಾಳಿ ಸೇರಿ. ಬೇರೆಯವರಿಗೆ ಅದು ಶಿಕ್ಷೆ.

ಇನ್ನೊಂದು ಮಾತು. ಹವಾಮಾನ ಇಲಾಖೆ ಈಗ ವಾಡಿಕೆ ಮಳೆ ಅನ್ನುವುದು 1971ರಿಂದ 2020ರವರೆಗಿನ ಸರಾಸರಿಗೆ. ಐವತ್ತು ವರ್ಷ. ನಿನ್ನದು ಆರು ವರ್ಷ. ಪರೀಕ್ಷೆಯಲ್ಲಿ ಕಡಿಮೆ ಬಂತೆಂದು ನಿಲ್ಲಿಸಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು.

ಧಾರವಾಡದ ಅವ್ವ

ತಮ್ಮಾ, ಇವರೆಲ್ಲಾ ಶಾಣ್ಯಾರು, ವಿಷಯದ ಮಾತು ಅವರು ಹೇಳಿದ್ದ ಖರೆ. ನಾ ಹೇಳೂದು ಬ್ಯಾರೆ. ನನ್ನ ಮಗಗ ಈಗ 22. ಬಿಎ ಮುಗಿಸ್ಯಾನ, ಈಗ ಲೈಬ್ರರಿ ಸೈನ್ಸ್ ಓದಾಕತ್ತಾನ. ಪುಸ್ತಕದ ನಂಬರ್ ಬಾಯಿಪಾಠ ಅವಂಗ.

ಅವಂಗ ಕಾಲೇಜ ಆರಿಸಿದ್ದು ನಾವಲ್ಲ, ಚಿಗರಿ ಬಸ್ಸು, ಅಂದ್ರ ಹುಬ್ಬಳ್ಳಿ-ಧಾರವಾಡ ನಡುವ ತನ್ನದ ಬ್ಯಾರೆ ದಾರಿಯೊಳಗ ಓಡೂ ಬಸ್ಸು. ಸಾದಾ ಬಸ್ಸಿನ್ಯಾಗ ಹೋಗಬೇಕಂದ್ರ ಮುಂಜಾನೆನ ತಲಿಶೂಲಿ. ಚಿಗರಿ ಒಳಗ ಸ್ಟೇಶನ್ ಹೆಸರು ಹೇಳತೈತಿ, ದಿನಾ ಅದ ದಾರಿ, ಅದ ಜಾಗಾದಾಗ ನಿಲ್ಲತೈತಿ. ಮಂದಿ ನಕ್ಕರು, ಬಸ್ಸು ನೋಡಿ ಕಾಲೇಜ ಹುಡುಕ್ತೀರೇನ್ರಿ ಅಂತ. ನಗಲಿ ಬಿಡು. ಮನಿಯಿಂದ ಹ್ವಾದಾಂವ ಕಾಲೇಜ ಮುಟ್ಟಬೇಕಲ್ಲ ಮದಲ?

ಈಗ ಕಾಗದದ ಮಾತು, ಲಕ್ಷ್ಯ ಕೊಟ್ಟು ಓದು. ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಯೇನು? ಅಂಗವಿಕಲರ ಹಕ್ಕಿನ 2016ರ ಕಾಯ್ದೆದಾಗ ಆಟಿಸಂ ಐತಿ. ನಲವತ್ತು ಪರ್ಸೆಂಟ್ ಅಥವಾ ಅದಕ್ಕ ಮ್ಯಾಲೆ ಅಂತ ಬರೆದಿದ್ರ ಸರಕಾರಿ ಮತ್ತ ಅನುದಾನಿತ ಕಾಲೇಜಿನ್ಯಾಗ ಐದು ಪರ್ಸೆಂಟ್ ಸೀಟು. ಆ ಪರ್ಸೆಂಟ್ ಬರಿಯಾಕ ಡಾಕ್ಟರ್ ನಲವತ್ತು ಪ್ರಶ್ನಿ ಕೇಳ್ತಾರ, ಒಂದೊಂದಕ್ಕ ಒಂದರಿಂದ ಐದು ಮಾರ್ಕ್ಸ್. ಅವತ್ತ ಶಾಣ್ಯಾ ಹುಡುಗ ಆಗಾಕ ಹೋಗಬ್ಯಾಡ. ನನ್ನ ಮಗಾ ಎಲ್ಲಾದಕ್ಕೂ "ಏನೂ ತ್ರಾಸ ಇಲ್ಲರಿ" ಅಂದು ಕುಂತಿದ್ದ, ನಾ ಬಾಜೂಕ ಕುಂತು ಹಣಿ ಹಣಿ ಬಡಕೊಂಡೆ. ಇದ್ದದ್ದು ಇದ್ದಂಗ ಹೇಳು.

ಪರೀಕ್ಷಾದಾಗ ತಾಸಿಗೆ 20 ನಿಮಿಷ ಹೆಚ್ಚಿಗೆ ಕೊಡಬೇಕು ಅಂತ ಕೇಂದ್ರ ಸರಕಾರದ ಮಾರ್ಗಸೂಚಿ ಐತಿ. ತಾನಾಗೇ ಯಾರೂ ಕೊಡಂಗಿಲ್ಲ. ಅಡ್ಮಿಶನ್ ಆದ ವಾರದಾಗ ಅರ್ಜಿ ಕೊಟ್ಟು, ಸಿಕ್ಕಾ ಹೊಡಿಸಿದ ಪ್ರತಿ ಇಟಗೋ. ನಾವು ಪರೀಕ್ಷಾ ಎಂಟು ದಿನ ಇದ್ದಾಗ ಹ್ವಾದ್ವಿ, "ಹುಡುಗ ನೋಡಾಕ ಛಲೋನ ಅದಾನಲ್ರಿ" ಅಂದ್ರು. ನೋಡಾಕ ಛಲೋ ಇದ್ರ ಏನ್ಮಾಡೂದು?

ನಿಮ್ಮ ಕಾಕಾ ಯಾರಿಗೂ ಹೇಳಬ್ಯಾಡ ಅಂದ್ರೂ ಅಂದಾರು. ಎಲ್ಲಾರಿಗೂ ಡಂಗುರಾ ಹೊಡಿಯೂದು ಬ್ಯಾಡ. ಲ್ಯಾಬಿನ ಸರ್‌ಗೆ ಒಬ್ಬರಿಗೆ ಹೇಳು. ಗುಂಪು ಮಾಡೂ ಮುಂದ ಹೆಸರು ಬರದು ಓದ್ರಿ ಅಂತ ಕೇಳಕೋ. ಅವರು ಓದಿದ್ರ ನೀ ಉಳಿಯಂಗಿಲ್ಲ.

ಮಳೆಲೆಕ್ಕ

ಎಲ್ಲರ ಉತ್ತರ ಓದಿ ಎರಡು ವಾರ ಆಯಿತು. ಮಧ್ಯೆ ಬರೆಯದಿದ್ದದ್ದು ಕೋಪದಿಂದ ಅಲ್ಲ, ಹೇಳುವಂಥದ್ದು ಇನ್ನೂ ಆಗಿರಲಿಲ್ಲ.

ಮೇಷ್ಟ್ರೇ, ಲಾಲ್‌ಬಾಗ್ ಬಂಡೆಯ ವಯಸ್ಸು ಕೇಳಿ "ಹೌದಾ" ಅಂತಲೇ ಅನ್ನಿಸಿತು. ಕ್ಷಮಿಸಿ.

ಅಪ್ಪನ ಜೊತೆ ಶಿವಮೊಗ್ಗಕ್ಕೆ ಹೋಗಿದ್ದೆ. ಎರಡು ಕಾಲೇಜು ನೋಡಿದೆವು. ಮೊದಲನೆಯದರಲ್ಲಿ ಟೈಂಟೇಬಲ್ ಕೇಳಿದ್ದಕ್ಕೆ ಅಡ್ಮಿಷನ್ ಆದಮೇಲೆ ಕೊಡುತ್ತೇವೆ ಅಂದರು. ಎರಡನೆಯದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಡಂ ಅವರೇ ಕೈಯಲ್ಲಿ ಬರೆದುಕೊಟ್ಟರು. ಆ ಕಾಂಬಿನೇಷನ್ ತರಗತಿಯಲ್ಲಿ 23 ಜನ. ಬೆಂಚು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಎಳೆಯಲು ಬರುವುದಿಲ್ಲ. ಇದನ್ನು ನಾನು ಎರಡು ಸಲ ಪರೀಕ್ಷಿಸಿದೆ. ಕೆಮಿಸ್ಟ್ರಿ ಇಲ್ಲ. ಗಂಟೆ ಮಾತ್ರ ಎಲೆಕ್ಟ್ರಿಕ್, ತುಂಬಾ ಕೆಟ್ಟ ಸದ್ದು, ಆದರೆ ಹೊಡೆಯುವ ಹೊತ್ತು ಗೊತ್ತಿರುವುದರಿಂದ ಮೊದಲೇ ಕಿವಿ ಮುಚ್ಚಿಕೊಳ್ಳಬಹುದು. ಮೇಡಂಗೆ ನನ್ನ ಪುಸ್ತಕ ತೋರಿಸಿದೆ. ಅವರು ಏನೂ ಹೊಗಳಲಿಲ್ಲ. "ಜುಲೈ 14ರ ನೀಲಿ ಅಂಕಿ 6 ಇದೆಯೋ 0 ಇದೆಯೋ?" ಅಂತ ಕೇಳಿದರು. ಅದು 6. ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ.

ಅಪ್ಪ ಅರ್ಧ ಒಪ್ಪಿದ್ದಾರೆ. ಸಿಇಟಿ ಆಪ್ಷನ್ ಎಂಟ್ರಿಯನ್ನೂ ಮಾಡಿಡು ಅಂದರು, ಮಾಡುತ್ತೇನೆ. ಯುಡಿಐಡಿ ಇದೆ, 50 ಪರ್ಸೆಂಟ್. ಅರ್ಜಿ ಬರೆದಿಟ್ಟಿದ್ದೇನೆ, ಅವ್ವ ಅವರು ಹೇಳಿದ ಹಾಗೆ ಎರಡು ಪ್ರತಿ.

ಉಳಿದಿರುವ ಸಮಸ್ಯೆ 8.30. ಶಿವಮೊಗ್ಗದಲ್ಲಿ ಅತ್ತೆ ಮನೆಯಲ್ಲಿ ಇರಬೇಕು, ಭಾನುವಾರ ಮಾತ್ರ ಊರಲ್ಲಿ ಇರುತ್ತೇನೆ. ಅಜ್ಜಿಗೆ 78, ಅಳತೆ ಗಾಜಿನ ಗೀಟು ಈಗ ಕಾಣುವುದಿಲ್ಲ. ಅಮ್ಮ ನಾನು ನೋಡುತ್ತೇನೆ ಅಂದರು. ಅಮ್ಮನಿಗೆ ಹಸಿರು ಶಾಯಿ ಅಂತ ತೀರ್ಮಾನ ಆಗಿದೆ, ಕೊಪ್ಪದಲ್ಲಿ ಪೆನ್ನೂ ತಂದೆ. ಆದರೆ ಒದ್ದೆ ಕೈ ತಗುಲಿದರೆ ಆ ಹಸಿರು ಕಲೆಸುತ್ತದೆ. ನೀರಿಗೆ ಕಲೆಸದ ಹಸಿರು ಪೆನ್ನು ಯಾರಿಗಾದರೂ ಗೊತ್ತಿದ್ದರೆ ಹೇಳಿ.