ಕಾರ್ಲೈಲ್ ಮನೆಯಲ್ಲಿ ಮೊದಲು ನೋಡಬೇಕಾದದ್ದು ಯಾವುದು?

ಥೇಮ್ಸ್ ದಂಡೆ: ಲಂಡನ್ನಿನ ಚೆಲ್ಸಿಯಲ್ಲಿರುವ ಲೇಖಕ ಥಾಮಸ್ ಕಾರ್ಲೈಲ್ ಅವರ ಮನೆಗೆ ಹೋಗುವವರು ಮೊದಲು ನೆಲಮಾಳಿಗೆಯ ಅಡುಗೆಮನೆಗೆ ಇಳಿಯಿರಿ. ಒಲೆ, ನೀರಿನ ಕೈಪಂಪು ಎಲ್ಲವೂ ಅಲ್ಲಿವೆ. ಕೆಲಸದವಳು ಮಲಗುತ್ತಿದ್ದುದೂ ಅಲ್ಲಿಯೇ. ಯಜಮಾನರು ರಾತ್ರಿ ಅದೇ ಒಲೆಯ ಮುಂದೆ ಕುಳಿತು ಪೈಪು ಸೇದಿ ಎದ್ದು ಹೋಗುವವರೆಗೆ ಅವಳು ಹಿಂದಿನ ಕೋಣೆಯಲ್ಲಿ ನಿದ್ದೆಗಣ್ಣಿನಲ್ಲಿ ಕಾಯಬೇಕಿತ್ತು. ಇದನ್ನು ತಿಳಿದ ಮೇಲೆ ಮಹಡಿಯ ಕೋಣೆಗಳು ಬೇರೆಯಾಗಿಯೇ ಕಾಣುತ್ತವೆ.

ಗ್ರಂಥಪ್ರೇಮಿ: ಒಪ್ಪುವುದಿಲ್ಲ. ಅವರು 1834ರಿಂದ 1881ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ, ಬರೆದ ಮನೆ ಅದು. 1895ರಲ್ಲಿ ಜನರಿಗಾಗಿ ತೆರೆದದ್ದು ಆ ಬರವಣಿಗೆಯ ಮೇಲಿನ ಗೌರವದಿಂದ, ಒಲೆ ತೋರಿಸಲಿಕ್ಕಲ್ಲ. ಫ್ರೆಂಚ್ ಕ್ರಾಂತಿಯ ಇತಿಹಾಸದ ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲೆಂದು ಗೆಳೆಯ, ತತ್ತ್ವಚಿಂತಕ ಜಾನ್ ಸ್ಟುವರ್ಟ್ ಮಿಲ್ ಒಯ್ದಿದ್ದರು. 1835ರಲ್ಲಿ ಅವರ ಕಡೆಯ ಕೆಲಸದವಳು ಅದನ್ನು ರದ್ದಿಯೆಂದು ಸುಟ್ಟಳಂತೆ. ಕಾರ್ಲೈಲ್ ಇಡೀ ಸಂಪುಟವನ್ನು ಮತ್ತೆ ಬರೆದರು. ಆ ಛಲದ ಮನೆಯಿದು.

ಥೇಮ್ಸ್ ದಂಡೆ: ನೋಡಿ, ನೀವು ಹೇಳಿದ ಕಥೆಯಲ್ಲೂ ಕೆಲಸದವಳಿಗೆ ಹೆಸರಿಲ್ಲ. ತಪ್ಪು ಮಾತ್ರ ಅವಳ ತಲೆಗೆ!

ಹಳೆಯ ಸಾಮಾನು: ಇಬ್ಬರೂ ಜೇನ್ ಕಾರ್ಲೈಲ್ ಅವರನ್ನು ಬಿಟ್ಟೇಬಿಟ್ಟಿರಲ್ಲ. ಮೇಲಿನ ಹಜಾರದಲ್ಲಿ ಅವರು 1849ರಲ್ಲಿ ಮಾಡಿದ ಮಡಿಸುವ ತೆರೆಯಿದೆ. ಮುದ್ರಿತ ಚಿತ್ರಗಳನ್ನು ಕತ್ತರಿಸಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಎಲ್ಲಿಯೂ ಜಾಗ ಬಿಡದೆ ಅಂಟಿಸಿದ್ದಾರೆ. ಅದರ ಮುಂದೆ ಪುರುಸೊತ್ತಾಗಿ ನಿಲ್ಲಿ. ಪತ್ರ ಬರೆಯುವುದರಲ್ಲಿ ಗಂಡನಿಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲದ ಹೆಂಗಸು, ಮನೆವಾರ್ತೆಯಲ್ಲೇ ಸವೆದರು.

ಗ್ರಂಥಪ್ರೇಮಿ: ಜೇನ್ ವಿಷಯ ನಿಜ. ಆದರೂ ಅಟ್ಟದ ಓದುಕೋಣೆಯನ್ನು ಮರೆಯಬೇಡಿ. ನೆರೆಯವರ ಕೋಳಿ, ಪಿಯಾನೊ ಸದ್ದು ತಾಳಲಾರದೆ 1853ರಲ್ಲಿ ಎರಡು ಪದರದ ಗೋಡೆಯಿಟ್ಟು ಕಟ್ಟಿಸಿದ್ದು.

ಥೇಮ್ಸ್ ದಂಡೆ: ಕಟ್ಟಿಸಿದರೂ ಸದ್ದು ನಿಲ್ಲಲಿಲ್ಲ. ಮುಂದೆ ಆ ಕೋಣೆ ಕೆಲಸದವಳ ಮಲಗುವ ಕೋಣೆಯಾಯಿತು. ಇದನ್ನೂ ಅಲ್ಲಿಯೇ ನಿಂತು ನೆನೆಯಬೇಕು.

ಹಳೆಯ ಸಾಮಾನು: ಹೆಸರು ಬೇಕೆಂದವರು ಜೇನ್ ಪತ್ರಗಳನ್ನು ಓದಿ. ಹತ್ತು ವರ್ಷಕ್ಕೂ ಹೆಚ್ಚು ಅಲ್ಲಿ ದುಡಿದ ಹೆಲೆನ್ ಮಿಚೆಲ್ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಗ್ರಂಥಪ್ರೇಮಿ: ಓದುತ್ತೇನೆ. ಆದರೆ ಮನೆ ನೋಡುವುದನ್ನು ಮಾತ್ರ ಅಟ್ಟದಿಂದಲೇ ಶುರುಮಾಡುತ್ತೇನೆ.