ಎಂಎಂ 540 ಜೀಪಿನ ಡ್ರಮ್ ಬ್ರೇಕ್: ಮುಂದಕ್ಕೆ ಡಿಸ್ಕ್ ಹಾಕಿಸಬೇಕೇ, ಇರುವುದನ್ನೇ ಸರಿಪಡಿಸಬೇಕೇ?

ತೋಟದ_ಜೀಪು (ಮೂಡಿಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1992ರ ಮಹೀಂದ್ರ ಎಂಎಂ 540 ಜೀಪೊಂದಿದೆ. ಪ್ಯೂಜೋ ಡೀಸೆಲ್ ಎಂಜಿನ್, ನಾಲ್ಕು ಗಾಲಿಗೂ ಡ್ರಮ್ ಬ್ರೇಕ್ (ಗಾಲಿಯೊಂದಿಗೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಶೂಗಳು ಒತ್ತಿ ನಿಲ್ಲಿಸುವಂಥದು). ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದಾಗಿದ್ದು, ಚಾಲಕನ ಕಾಲಡಿಯಲ್ಲಿ ಚಾಸಿಗೆ ಕೂರಿಸಿದೆ. ಹಿಂದಿನ ಮಾಲೀಕರು ಮೂಲ 6.00-16 ಟೈರುಗಳನ್ನು ತೆಗೆದು 31 ಇಂಚಿನ ಟೈರುಗಳನ್ನು ಹಾಕಿಸಿದ್ದಾರೆ.

ಗಾಡಿ ಹೆಚ್ಚಾಗಿ ತೋಟದೊಳಗೇ ಓಡುತ್ತದೆ. ಗೊಬ್ಬರ, ಕಾಫಿ ಮೂಟೆ, ಕೆಲಸದವರು. ಆದರೆ ತಿಂಗಳಿಗೆ ಎರಡು ಸಲವಾದರೂ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ಹೋಗಬೇಕಾಗುತ್ತದೆ. ನನ್ನ ತೊಂದರೆಗಳು ಮೂರು. ತೋಟದ ಹಳ್ಳ ದಾಟಿದ ಮೇಲೆ ಮೊದಲ ಮೂರು ನಾಲ್ಕು ಸಲ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಘಾಟಿಯನ್ನು ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೊದಲಿಗಿಂತ ಬಹಳ ಕೆಳಗೆ ಹೋಗುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತದೆ.

ಇಲ್ಲಿನ ಮೆಕ್ಯಾನಿಕ್ ಒಬ್ಬರು ಬೊಲೆರೋದ ಮುಂದಿನ ಡಿಸ್ಕ್ ಬ್ರೇಕಿನ (ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಹಿಡಿಯುವಂಥದು) ಭಾಗಗಳನ್ನು ತಂದು ಕೂರಿಸಿದರೆ ಮೂರೂ ತೊಂದರೆಗಳು ಒಟ್ಟಿಗೆ ಪರಿಹಾರವಾಗುತ್ತವೆ ಎನ್ನುತ್ತಾರೆ. ಮಳೆಗಾಲಕ್ಕೆ ಇನ್ನು ಎರಡು ತಿಂಗಳಿದೆ. ಈ ಕೆಲಸ ಮಾಡಿಸಿ ನೋಡಿದವರು ದಯವಿಟ್ಟು ತಿಳಿಸಿ.

ಲೇತ್_ಪಕ್ಕದ_ಮನೆ (ಹಾಸನ):

ತಾವು ಹೇಳಿರುವ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದಕ್ಕೆ ಡಿಸ್ಕಿನಿಂದ ಯಾವ ಉಪಯೋಗವೂ ಆಗದಿರಬಹುದು. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ನಾಲ್ಕೂ ಡ್ರಮ್‌ಗಳನ್ನು ಬಿಚ್ಚಿಸಿ ತಾವೇ ಎದುರು ನಿಂತು ನೋಡುವುದು ಒಳ್ಳೆಯದು.

ಎಡಕ್ಕೆ ಎಳೆಯುವುದನ್ನು ಮೊದಲು ತೆಗೆದುಕೊಳ್ಳೋಣ. ಗಾಡಿ ಎಡಕ್ಕೆ ಎಳೆಯುತ್ತದೆ ಎಂದರೆ ಬಲಗಡೆಯ ಬ್ರೇಕ್ ಕೆಲಸ ಮಾಡುತ್ತಿಲ್ಲ ಎಂದೇ ಬಹುತೇಕ ಸಲ ಅರ್ಥ. ಬಲಗಡೆಯಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಜಾಮ್ ಆಗಿರಬಹುದು, ಆಯಿಲ್ ಸೀಲ್ ಸೋರಿ ಶೂಗಳ ಮೇಲಿನ ಉಜ್ಜುಪಟ್ಟಿಯಾದ ಲೈನರ್ ಮೇಲೆ ಎಣ್ಣೆ ಕೂತಿರಬಹುದು, ಇಲ್ಲವೇ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗೆ ಊದಿಕೊಂಡು ಆಯಿಲ್ ಹೋಗುವ ದಾರಿ ಮುಚ್ಚಿರಬಹುದು. ಎಣ್ಣೆ ಹೀರಿದ ಲೈನರನ್ನು ತೊಳೆದು ಮತ್ತೆ ಹಾಕಬಾರದು. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳನ್ನು ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವ ಅಭ್ಯಾಸ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅದರಿಂದ ಕಪ್ಪುಗಳು ಉಬ್ಬಿ ಒಂದೇ ವಾರದಲ್ಲಿ ಹಾಳಾಗುತ್ತವೆ. ಬ್ರೇಕ್ ಆಯಿಲ್ಲಿನಲ್ಲಿಯೇ ತೊಳೆಯಲು ಹೇಳಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನೊಳಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಲಿ.

ಘಾಟಿಯ ತೊಂದರೆ ಶಾಖದ್ದು. 1500 ಕಿಲೋ ತೂಕದ ಗಾಡಿ 600 ಮೀಟರ್ ಎತ್ತರ ಇಳಿದರೆ ಸುಮಾರು 88 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಬಚ್ಚಲ ಹಂಡೆಯ 28 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಎಂಜಿನ್ ಅದರಲ್ಲಿ ಎಷ್ಟು ಪಾಲನ್ನು ತಡೆಯುವುದಿಲ್ಲವೋ ಅಷ್ಟೂ ನಾಲ್ಕು ಡ್ರಮ್‌ಗಳ ಪಾಲಾಗುತ್ತದೆ. ಬಿಸಿಯಾದ ಡ್ರಮ್ ಹೊರಕ್ಕೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಅದಕ್ಕೇ ಪೆಡಲ್ ಕೆಳಗೆ ಹೋಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಲೈನರ್ ಹಿಡಿತ ಕಳೆದುಕೊಂಡಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ಸ್ಪಂಜಿನಂತೆ ಕುಗ್ಗಿದರೆ ಆಯಿಲ್ ಕುದಿದು ಆವಿಯಾಗಿದೆ ಎಂದರ್ಥ, ಅದು ಎಲ್ಲಕ್ಕಿಂತ ಅಪಾಯಕಾರಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು; ತೇವ ಹೀರಿಕೊಂಡ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ನಮ್ಮ ಮಲೆನಾಡಿನ ಗಾಳಿಯಲ್ಲಿ ಆಯಿಲ್ ಎಷ್ಟು ಬೇಗ ತೇವ ಹೀರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೊನೆಯ ಸಲ ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ?

ಇನ್ನು ಟೈರು. 6.00-16 ಟೈರಿನ ಎತ್ತರ ಹೆಚ್ಚುಕಡಿಮೆ 28.5 ಇಂಚು. ಅದನ್ನು 31ಕ್ಕೆ ಏರಿಸಿದರೆ ಅದೇ ಬ್ರೇಕಿನಿಂದ ರಸ್ತೆಯ ಮೇಲೆ ಸಿಗುವ ಹಿಡಿತ ಹನ್ನೆರಡರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ, ಎಂಜಿನ್ನಿನ ತಡೆಯೂ ಅಷ್ಟೇ ಪಾಲು ಇಳಿಯುತ್ತದೆ. ಹಿಂದಿನ ಮಾಲೀಕರು ಅಂದಕ್ಕೆ ಮಾಡಿಸಿದ್ದನ್ನು ತಾವು ಘಾಟಿಯಲ್ಲಿ ಅನುಭವಿಸುತ್ತಿದ್ದೀರಿ.

ಡ್ರಮ್‌ಗಳನ್ನು ಲೇತಿನಲ್ಲಿ ಹಾಕಿ ಗುಂಡಗಿವೆಯೇ ಎಂದು ಪರೀಕ್ಷಿಸಿ, ಬೇಕಾದಷ್ಟೇ ಕಡೆಸಿ. ಕಡೆಸಿದ ಡ್ರಮ್ಮಿಗೆ ಹೊಸ ಶೂ ಹಾಕಿದರೆ ಅದರ ಬಾಗು ಡ್ರಮ್ಮಿನ ಬಾಗಿಗೆ ಹೊಂದುವುದಿಲ್ಲ, ನಡುವೆ ಮಾತ್ರ ತಾಗುತ್ತದೆ. ಲೈನರನ್ನು ಆ ಡ್ರಮ್ಮಿನ ಅಳತೆಗೇ ಉಜ್ಜಿಸಬೇಕು. ಈ ಒಂದು ಕೆಲಸವನ್ನು ಬಿಟ್ಟುಬಿಡುವುದರಿಂದಲೇ ನಮ್ಮಲ್ಲಿ ಅರ್ಧದಷ್ಟು ಜೀಪುಗಳ ಬ್ರೇಕಿಗೆ ಕೆಟ್ಟ ಹೆಸರು ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಹಾರಂಗಿ_ದಂಡೆ (ಕೊಡಗು):

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹಳ್ಳ ದಾಟಿದ ಮೇಲಿನ ತೊಂದರೆಗೆ ಅವರು ಉತ್ತರ ಕೊಟ್ಟಿಲ್ಲ. ನಾನು ಮೂರು ವರ್ಷಗಳ ಹಿಂದೆ ಇಂಥದೇ ಜೀಪಿಗೆ ಮುಂದೆ ಡಿಸ್ಕ್ ಹಾಕಿಸಿದವನು. ನೀರಿನ ವಿಷಯದಲ್ಲಿ ಡಿಸ್ಕಿಗೆ ಸಾಟಿ ಇಲ್ಲ. ಡ್ರಮ್ಮಿನೊಳಗೆ ಹೋದ ನೀರೂ ಕೆಸರೂ ಹೊರಗೆ ಬರಲು ದಾರಿ ಇಲ್ಲದೆ ಶೂಗಳ ನಡುವೆಯೇ ಅರೆಯುತ್ತಿರುತ್ತವೆ. ಡಿಸ್ಕ್ ತೆರೆದೇ ಇರುವುದರಿಂದ ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ನೀರನ್ನು ಎಸೆದುಬಿಡುತ್ತದೆ. ಬಿಸಿಯಾದಾಗಲೂ ಡಿಸ್ಕ್ ಹಿಗ್ಗುವುದು ಪ್ಯಾಡಿನ ಕಡೆಗೇ ಆದ್ದರಿಂದ ಪೆಡಲ್ ಕೆಳಗೆ ಬೀಳುವುದಿಲ್ಲ.

ಹೀಗಿದ್ದರೂ ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಡಿಸ್ಕನ್ನು ಮಾತ್ರ ತಂದು ಕೂರಿಸಿ ಮುಗಿಸಲು ಆಗುವುದಿಲ್ಲ. ನಾನು ಮಾಡಿದ ತಪ್ಪು ಅದೇ. ಡ್ರಮ್ ಬ್ರೇಕಿನಲ್ಲಿ ಗಾಲಿ ತಿರುಗುವ ರಭಸವೇ ಮುಂದಿನ ಶೂವನ್ನು ಒಳಗೆ ಎಳೆದುಕೊಂಡು ಒತ್ತುತ್ತದೆ, ಅಂದರೆ ಬ್ರೇಕ್ ತನಗೆ ತಾನೇ ಸಹಾಯ ಮಾಡಿಕೊಳ್ಳುತ್ತದೆ. ಡಿಸ್ಕಿನಲ್ಲಿ ಆ ಸಹಾಯ ಇಲ್ಲವೇ ಇಲ್ಲ, ಪ್ಯಾಡನ್ನು ಒತ್ತುವ ಬಲವೆಲ್ಲ ಕಾಲಿನಿಂದಲೇ ಬರಬೇಕು. ಬೂಸ್ಟರ್ ಇಲ್ಲದೆ ಓಡಿಸಿದ ಮೊದಲ ತಿಂಗಳು ಪೆಡಲ್ ಕಲ್ಲಿನಂತಿತ್ತು. ಮನೆಯಾಕೆ ಒಂದು ದಿನ ಓಡಿಸಿ, ಇನ್ನು ಈ ಗಾಡಿ ಮುಟ್ಟುವುದಿಲ್ಲ ಎಂದು ಕೀಲಿ ಕೈಗೆ ಕೊಟ್ಟಳು.

ಆಮೇಲೆ ಬೂಸ್ಟರ್ ತಂದೆವು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಎಳೆಯುವ ಕೊಳವೆಯಿಂದಲೇ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಸಿಗುತ್ತದೆ, ಡೀಸೆಲ್ಲಿನಲ್ಲಿ ಥ್ರಾಟಲ್ ತಡೆ ಇಲ್ಲದ್ದರಿಂದ ಅದು ಸಿಗುವುದಿಲ್ಲ. ಹಿಂಭಾಗದಲ್ಲಿ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಹಾಕಿಸಬೇಕಾಯಿತು. ಅದಕ್ಕೆ ಎಂಜಿನ್ ಆಯಿಲ್ ಹೋಗಿಬರುವ ಪೈಪುಗಳೂ ಬೇಕು. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟಕ್ಕೆ ಮಾತ್ರ ಸಾಲುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಉರುಳಿಸುವ ಚಟವಿರುವ ಡ್ರೈವರ್ ಇದ್ದರೆ ಮೊದಲು ಅದನ್ನು ಬಿಡಿಸಿ.

ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ನಿಮ್ಮ ಮಾಸ್ಟರ್ ಸಿಲಿಂಡರ್ ಕಾಲಡಿಯಲ್ಲಿ, ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿಗಿಂತ ಕೆಳಗಿದ್ದರೆ, ಗಾಡಿ ನಿಂತಾಗ ಆಯಿಲ್ ನಿಧಾನವಾಗಿ ಹಿಂದಕ್ಕೆ ಇಳಿದು, ಬೆಳಿಗ್ಗೆ ಮೊದಲ ಒತ್ತಿಗೆ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ. ಅದನ್ನು ತಡೆಯಲು ಡಿಸ್ಕಿನ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ 2 ಪಿಎಸ್ಐ (ಒತ್ತಡದ ಅಳತೆ) ರೆಸಿಡ್ಯುಯಲ್ ವಾಲ್ವ್ ಹಾಕುತ್ತಾರೆ. ಡ್ರಮ್ಮಿಗೆ ಬೇಕಾದದ್ದು 10 ಪಿಎಸ್ಐನದು, ಹಳೆಯ ಮಾಸ್ಟರ್ ಸಿಲಿಂಡರುಗಳಲ್ಲಿ ಅದು ಒಳಗೇ ಇರುತ್ತದೆ. ಆ ಹಳೆಯ ಸಿಲಿಂಡರಿಗೇ ಡಿಸ್ಕನ್ನು ಜೋಡಿಸಿದರೆ ಕಾಲು ತೆಗೆದ ಮೇಲೂ ಒತ್ತಡ ಉಳಿದು ಪ್ಯಾಡುಗಳು ಉಜ್ಜುತ್ತಲೇ ಇರುತ್ತವೆ. ನನ್ನ ಗಾಡಿಯಲ್ಲಿ ಎಂಟು ನೂರು ಕಿಲೋಮೀಟರಿನಲ್ಲಿ ಪ್ಯಾಡ್ ಮುಗಿದಾಗಲೇ ಇದು ತಿಳಿದದ್ದು. ಬಾನೆಟ್ಟಿನೊಳಗೆ ಎತ್ತರದಲ್ಲಿ ಹೊಸ ಮಾಸ್ಟರ್ ಸಿಲಿಂಡರ್ ಕೂರಿಸಿದರೆ ಆಯಿಲ್ ಹಿಂದಕ್ಕಿಳಿಯುವ ಗೋಜೂ ಇರುವುದಿಲ್ಲ, 2 ಪಿಎಸ್ಐ ವಾಲ್ವೂ ಬೇಕಾಗುವುದಿಲ್ಲ.

ಕ್ಯಾಲಿಪರ್ ರಿಮ್ಮಿಗೆ ತಾಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಗಾಲಿ ಹಾಕಿ ತಿರುಗಿಸಿ ನೋಡಿ. ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಹೋಸ್ ಎಳೆದುಕೊಳ್ಳಬಾರದು.

ಹೇಮಾವತಿ_ತೀರ (ಸಕಲೇಶಪುರ):

ಇಬ್ಬರೂ ಹಿರಿಯರು ವಿವರವಾಗಿ ಬರೆದಿದ್ದಾರೆ. ನನಗೆ ಹೇಳಲಿರುವುದು ಒಂದೇ ಮಾತು, ಡಿಸ್ಕೋ ಡ್ರಮ್ಮೋ ಎಂಬ ಚರ್ಚೆಗಿಂತ ಮೊದಲು ಆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರನ್ನು ತೆಗೆಸಿ ಎರಡು ಕೋಣೆಯದನ್ನು ಹಾಕಿಸಿ. ಒಂದೇ ಕೋಣೆಯಿದ್ದರೆ ಯಾವುದೋ ಒಂದು ಹೋಸ್ ಒಡೆದರೂ ನಾಲ್ಕೂ ಗಾಲಿಗಳ ಬ್ರೇಕ್ ಒಮ್ಮೆಲೇ ಹೋಗುತ್ತದೆ. ಎರಡು ಕೋಣೆಯದರಲ್ಲಿ ಮುಂದಿನದು ಹೋದರೆ ಹಿಂದಿನದು ಉಳಿಯುತ್ತದೆ. ತೋಟದ ದಾರಿಯಲ್ಲಿ ಒಂದು ಕುಂಟೆ ಸಿಕ್ಕಿ ನನ್ನ ಜೀಪಿನ ಹಿಂದಿನ ಹೋಸ್ ಕಿತ್ತುಹೋದಾಗ ಪೆಡಲ್ ನೆಲಕ್ಕೆ ಹೋಯಿತು. ಲೋ ಗೇರಿನಲ್ಲಿದ್ದ ಕಾರಣ ದರೆಗೆ ಒರಗಿಸಿ ನಿಲ್ಲಿಸಿದೆ. ಅದೇ ಘಾಟಿಯಲ್ಲಾಗಿದ್ದರೆ ಈ ಉತ್ತರ ಬರೆಯುತ್ತಿರಲಿಲ್ಲ.

ಹೊಸದನ್ನು ಕೊಳ್ಳುವಾಗ ಬೋರಿನ (ಸಿಲಿಂಡರಿನ ಒಳವ್ಯಾಸದ) ಅಳತೆಯನ್ನು ಕೇಳಿ. 1 ಇಂಚಿನ ಬದಲು 7/8 ಇಂಚಿನದು ಹಾಕಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಶೇಕಡಾ 30ರಷ್ಟು ಹೆಚ್ಚುತ್ತದೆ, ಆದರೆ ಪೆಡಲ್ ಅಷ್ಟೇ ಹೆಚ್ಚು ದೂರ ಹೋಗಬೇಕಾಗುತ್ತದೆ. ಮುಂದೆ ಡಿಸ್ಕ್ ಹಾಕಿಸುವ ಯೋಚನೆ ಇದ್ದರೆ ಕ್ಯಾಲಿಪರಿಗೆ ಹೆಚ್ಚು ಆಯಿಲ್ ಬೇಕಾಗುವುದರಿಂದ ಸಣ್ಣ ಬೋರು ಸಾಲದೆ ಹೋಗಬಹುದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸಲು ಹೇಗೂ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಡಿಸ್ಕ್ ಹಾಕಿಸುವ ಮೊದಲು ಅಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ನನ್ನನ್ನು ಕೇಳಿದರೆ ಅವರ ಕಣ್ಣಿಗೆ ಮೊದಲು ಬೀಳುವುದು ಡಿಸ್ಕಲ್ಲ, ಆ 31 ಇಂಚಿನ ಟೈರುಗಳೇ.

ತೋಟದ_ಜೀಪು (ಮೂಡಿಗೆರೆ):

ಮೂವರಿಗೂ ಅನಂತ ವಂದನೆಗಳು. ನಿನ್ನೆ ಭಾನುವಾರ ನಾಲ್ಕೂ ಡ್ರಮ್‌ಗಳನ್ನು ಬಿಚ್ಚಿಸಿದೆ, ಹಾಸನದವರು ಹೇಳಿದಂತೆ ಎದುರು ನಿಂತೇ ಇದ್ದೆ. ಮುಂದಿನ ಬಲಗಡೆಯ ವೀಲ್ ಸಿಲಿಂಡರಿನ ಒಂದು ಪಿಸ್ಟನ್ ತುಕ್ಕು ಹಿಡಿದು ಕದಲುತ್ತಲೇ ಇರಲಿಲ್ಲ. ಹಿಂದಿನ ಬಲಗಡೆಯ ಆಕ್ಸಲ್ ಸೀಲ್ ಸೋರಿ ಲೈನರ್ ಕಪ್ಪಗೆ ನೆನೆದಿತ್ತು. ಗಾಡಿ ಎಡಕ್ಕೆ ಎಳೆಯದೆ ಇನ್ನೇನು ಮಾಡೀತು! ಎರಡು ಡ್ರಮ್‌ಗಳು ಗುಂಡಗಿಲ್ಲ. ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. ನಾನು ಗಾಡಿ ಕೊಂಡ ಮೇಲೆ ಅದನ್ನು ಒಮ್ಮೆಯೂ ಬದಲಿಸಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಸದ್ಯಕ್ಕೆ ಹೀಗೆ ನಿರ್ಧರಿಸಿದ್ದೇನೆ. ನಾಲ್ಕೂ ವೀಲ್ ಸಿಲಿಂಡರುಗಳು, ಮೂರೂ ಹೋಸುಗಳು, ಸೀಲುಗಳು ಹೊಸವು. ಡ್ರಮ್‌ಗಳನ್ನು ಕಡೆಸಿ ಲೈನರುಗಳನ್ನು ಅವುಗಳ ಅಳತೆಗೆ ಉಜ್ಜಿಸುವುದು. ಎರಡು ಕೋಣೆಯ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿನೊಂದಿಗೆ ಬಾನೆಟ್ಟಿನೊಳಗೆ ಎತ್ತರದಲ್ಲಿ ಕೂರಿಸುವುದು. ಟೈರುಗಳನ್ನು ಮತ್ತೆ 6.00-16ಕ್ಕೆ ಇಳಿಸುವುದು. ಈ ಮಳೆಗಾಲ ಹಳ್ಳ ದಾಟಿದ ಮೇಲೆ ಎಡಗಾಲಿನಲ್ಲಿ ಪೆಡಲನ್ನು ಮೆಲ್ಲಗೆ ಒತ್ತಿ ನೂರು ಮಾರು ಓಡಿಸಿ ಒಣಗಿಸಿಕೊಳ್ಳುತ್ತೇನೆ. ಡಿಸ್ಕಿನ ಮಾತು ಕಾಫಿ ಕುಯಿಲು ಮುಗಿದ ಮೇಲೆ.

ಒಂದು ಪ್ರಶ್ನೆ ಉಳಿದಿದೆ. ಬೂಸ್ಟರ್ ಹಾಕಿದರೆ ಈಗಿನ ಪೆಡಲನ್ನೇ ಬಳಸಬಹುದೇ?

ಲೇತ್_ಪಕ್ಕದ_ಮನೆ (ಹಾಸನ):

ಈಗಿನದನ್ನು ಹಾಗೆಯೇ ಬಳಸಬೇಡಿ. ಬೂಸ್ಟರ್ ಇಲ್ಲದ ಪೆಡಲಿನಲ್ಲಿ ಕಾಲಿಡುವ ಜಾಗದಿಂದ ತಿರುಗಣೆಯವರೆಗಿನ ಉದ್ದವು ತಿರುಗಣೆಯಿಂದ ತಳ್ಳುಗೋಲಿನವರೆಗಿನ ಉದ್ದದ ಸುಮಾರು ಆರು ಪಟ್ಟು ಇರುತ್ತದೆ. ಬೂಸ್ಟರಿಗೆ ನಾಲ್ಕು ಪಟ್ಟು ಸಾಕು. ಆರು ಪಟ್ಟಿನದನ್ನೇ ಉಳಿಸಿಕೊಂಡರೆ ಸುಮ್ಮನೆ ಕಾಲಿಟ್ಟರೂ ಗಾಲಿ ಲಾಕ್ ಆಗುತ್ತದೆ, ಕೆಸರಿನಲ್ಲಿ ಅದು ಒಳ್ಳೆಯದಲ್ಲ. ಅಳತೆ ತೆಗೆದು ಇಲ್ಲಿ ಬರೆಯಿರಿ, ತಳ್ಳುಗೋಲಿನ ತೂತನ್ನು ಎಲ್ಲಿ ಕೊರೆಯಬೇಕೆಂದು ಹೇಳುತ್ತೇನೆ. ಹಳೆಯ ತೂತನ್ನು ಮುಚ್ಚಿಸಬೇಡಿ, ಹಾಗೆಯೇ ಇರಲಿ. ತಳ್ಳುಗೋಲಿಗೂ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಡಿಲ ಬಿಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಆಯಿಲ್ ಹಿಂದಿರುಗುವ ರಂಧ್ರ ಮುಚ್ಚಿಯೇ ಇದ್ದು, ಘಾಟಿಯ ನಡುವೆ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ.