ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಬ್ರಿಟಿಷ್ರು ಕಟ್ಟಿದ್ದಾ?

ನಂದಿಕ್ರಾಸ್ ಹುಡ್ಗ:
ನಮ್ದು ಚಿಕ್ಕಬಳ್ಳಾಪುರ. ಮನೇಲಿ ಎರಡು ದಿನದಿಂದ ಇದೇ ಜಗಳ. ಬೆಂಗ್ಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆ ದೊರೆಗಳ ಕಾಲದ್ದು, ಬಿಳಿ ಡಾಕ್ಟ್ರಮ್ಮನ್ನ ನಾನೇ ಕಣ್ಣಾರೆ ನೋಡಿದೀನಿ ಅಂತ ನಮ್ಮಜ್ಜಿ. ಚಿಕ್ಕಪ್ಪ ಹುಟ್ಟಿದ್ದೂ ಅಲ್ಲೇ ಅಂತೆ. ಅಷ್ಟು ಹಳೇದಲ್ಲ ಕಣಮ್ಮ ಅಂತ ಅಪ್ಪ. ಗೊತ್ತಿರೋರು ಹೇಳ್ರಪ್ಪಾ.

ಯಲಹಂಕದವ್ನು:
ನಿಮ್ಮಪ್ಪನೇ ಗೆದ್ರು ಗುರು. ಶುರುವಾಗಿದ್ದು 1973 ಜನವರಿಲಿ, 80 ಬೆಡ್ಡಿಂದ. ಬ್ರಿಟಿಷ್ರಲ್ಲ, ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್‌ನವ್ರು. ಆಗ ಹೆಬ್ಬಾಳ ಅಂದ್ರೆ ಊರಾಚೆ, ಫ್ಲೈಓವರ್ರೂ ಇಲ್ಲ ಏರ್‌ಪೋರ್ಟೂ ಇಲ್ಲ, ನಿಮ್ಮ ಕಡೆಯವ್ರು ಬಳ್ಳಾರಿ ರೋಡಲ್ಲಿ ಬಸ್ ಹತ್ತಿದ್ರೆ ಕೆರೆ ದಾಟಿ ಇಳ್ಕೊಂಡ್ರಾಯ್ತು, ಮೆಜೆಸ್ಟಿಕ್ ತನಕ ಹೋಗಿ ಒದ್ದಾಡೋದು ಬೇಕಿರ್ಲಿಲ್ಲ, ಅದಕ್ಕೇ ನಿಮ್ಮೂರಲ್ಲಿ ಅಷ್ಟು ಹೆಸ್ರು.

ಹಳೇ ನರ್ಸಮ್ಮ:
ಅಜ್ಜಿನ ಸುಳ್ಳುಗಾತಿ ಮಾಡ್ಬೇಡಿ, ಬಿಳಿ ಡಾಕ್ಟ್ರಮ್ಮ ಇದ್ದಿದ್ದು ನಿಜ. ರೆಬೆಕಾ ನೇಯ್ಲರ್ ಅಂತ, ಟೆಕ್ಸಾಸ್‌ನವ್ರು, ಸರ್ಜನ್. ಎಪ್ಪತ್ತರ ದಶಕದಲ್ಲಿ ಬಂದವ್ರು ಎರಡು ದಶಕಕ್ಕೂ ಮೇಲೆ ಇಲ್ಲೇ ಇದ್ರು. ಅಲ್ಲಿನ ನರ್ಸಿಂಗ್ ಶಾಲೆಗೆ ಅವ್ರದ್ದೇ ಹೆಸ್ರು. ಹೆಂಗಸು ಸರ್ಜನ್ ಅಂದ್ರೆ ಆ ಕಾಲಕ್ಕೆ ಸಣ್ಣ ಮಾತಾ? 1989ರಲ್ಲಿ ಆಡಳಿತ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಕೈಗೆ ಹೋಯ್ತು.

ಸುಮ್ನೆ ಓದೋನು:
ದೊರೆಗಳ ಕಾಲದ ಪ್ರೈವೇಟ್ ಆಸ್ಪತ್ರೆನೇ ಬೇಕು ಅಂದ್ರೆ ಸೇಂಟ್ ಮಾರ್ಥಾಸ್ ಇದೆ ನೋಡಿ, ನೃಪತುಂಗ ರೋಡಲ್ಲಿ, 1886ರದ್ದು, ಗುಡ್ ಶೆಫರ್ಡ್ ಸಿಸ್ಟರ್ಸ್ ಕಟ್ಟಿದ್ದು. ಸರ್ಕಾರದ ವಿಕ್ಟೋರಿಯಾನೇ 1900ರಲ್ಲಿ ಬಂದಿದ್ದು, ಅದಕ್ಕಿಂತ ಹಳೇದು. ಇಷ್ಟಕ್ಕೂ ನಿಮ್ಮ ಊರಲ್ಲೇ ಸಿಎಸ್ಐ ಆಸ್ಪತ್ರೆ ಇದ್ಯಲ್ಲ, ಅದು ಲಂಡನ್ ಮಿಷನ್‌ನವ್ರು ಕಟ್ಟಿದ್ದು. ಅಜ್ಜಿ ಎರಡನ್ನೂ ಕಲಸಿ ಮುದ್ದೆ ಕಟ್ಬಿಟ್ಟಿದಾರೆ ಅನ್ಸುತ್ತೆ 😄

ನಂದಿಕ್ರಾಸ್ ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಅಜ್ಜಿ ಟ್ರಂಕು ತೆಗ್ಸಿದೆ. ರೇಷ್ಮೆ ಸೀರೆ ಮಡಿಕೇಲಿ ಚಿಕ್ಕಪ್ಪ ಹುಟ್ಟಿದಾಗ ಆಸ್ಪತ್ರೆಲಿ ಕೊಟ್ಟಿದ್ದ ಹಳದಿಯಾಗಿರೋ ಒಂದು ಚೀಟಿ, ನುಸಿಗುಳಿಗೆ ವಾಸ್ನೆ, ಇಂಕೆಲ್ಲ ಹರಡ್ಕೊಂಡಿದೆ ಆದ್ರೂ 1976 ಅನ್ನೋದು ಓದ್ಬೋದು. ಅಂದ್ರೆ ಚಿಕ್ಕಪ್ಪ ಹುಟ್ಟಿದಾಗ ಆಸ್ಪತ್ರೆಗಿನ್ನೂ ಮೂರು ವರ್ಷ. ಅಜ್ಜಿಗೆ ತೋರಿಸಿದ್ರೆ "ಅಮೆರಿಕದೋರೂ ಬಿಳಿ ದೊರೆಗಳೇ ಅಲ್ವೇನೋ" ಅಂದು ಎಲೆಅಡಿಕೆ ಹಾಕ್ಕೊಂಡು ಕೂತ್ಬಿಟ್ರು.